ಟಾಮಿಗೆ ಕೊಂಬಿಲ್ಲ

ಮರುದಿನವೇ ಮಸ್ಕತ್‌ಗೆ ವಿಮಾನ. ನಮ್ಮ ನಾಯಿ ಟಾಮಿಗೂ ಆರೋಗ್ಯದ ಸರ್ಟಿಫಿಕೇಟ್ ಬೇಕು ಅಂತ ಭದ್ರಾವತಿಯಿಂದ ಶಿವಮೊಗ್ಗದ ದನದ ಆಸ್ಪತ್ರೆಗೆ ಓಡಿದೆ. ಅಲ್ಲಿದ್ದದ್ದು ದನದ ಫಾರಂ ಒಂದೇ.

"ಕೊಂಬು?" ಡಾಕ್ಟರು ಪೆನ್ನು ಹಿಡಿದು ಕೇಳಿದರು.

"ನಾಯಿಗೆ ಕೊಂಬೆಲ್ಲಿ ಸಾರ್?"

"ಗೊತ್ತಮ್ಮಾ. ಆದ್ರೆ ಕಾಲಂ ಖಾಲಿ ಬಿಟ್ರೆ ಸೀಲ್ ಹಾಕೋ ಹಾಗಿಲ್ಲ." ಇಲ್ಲ ಅಂತ ಬರೆದುಕೊಂಡರು. "ಎಷ್ಟು ಕರು ಹಾಕಿದೆ?"

"ಇದು ಗಂಡು ಸಾರ್."

"ಹಾಗಾದ್ರೆ ಉಳುಮೆಗೆ ಬರುತ್ತಾ?"

ನನಗೆ ರೇಗಿಹೋಯಿತು. "ಇನ್ನೂ ಕಲಿಸಿಲ್ಲ" ಅಂದೆ. ಪುಣ್ಯಾತ್ಮ ಅದನ್ನೂ ಬರೆದು ಸೀಲ್ ಒತ್ತಿದರು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಫಾರಂ ಪೂರ್ತಿ ಓದಿದ. ಟಾಮಿಯ ತಲೆ ಸವರಿ ನೋಡಿ, "ಕರೆಕ್ಟಾಗಿದೆ" ಅಂತ ಒಳಗೆ ಬಿಟ್ಟ. ಅರ್ಧ ಗಂಟೆ ತಡೆದು ನಿಲ್ಲಿಸಿದ್ದು ನನ್ನನ್ನು. ಪಾಸ್‌ಪೋರ್ಟಿನ ಫೋಟೋ ನನ್ನ ಹಾಗಿಲ್ಲವಂತೆ.