ಅರವತ್ತು ಲಂಗೋಟಿ, ಒಂದು ಕ್ಷಮೆ

ಆ ಬೀದಿಯಲ್ಲಿ ಲಂಗೋಟಿಯಕ್ಕನ ಮನೆ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಬಸುರಿಯರು, ಬಾಣಂತಿಯರು, ಮೊಮ್ಮಗು ಬರುವುದಕ್ಕೆ ತಿಂಗಳು ಮೊದಲೇ ಗಾಬರಿಗೆ ಬಿದ್ದ ಅಜ್ಜಿಯರು, ಎಲ್ಲರೂ ಹುಡುಕಿಕೊಂಡು ಬರುತ್ತಿದ್ದದ್ದು ಅವಳ ಮನೆಯ ಮುಂದಿನ ಕೋಣೆಗೆ. ಅವಳು ಕೂಸುಗಳಿಗೆ ಬಟ್ಟೆಯ ಡೈಪರ್ ಹೊಲಿದು ಮಾರುತ್ತಿದ್ದಳು. ಮಾಲಿಗೆ ಅಂಟಿಸುವ ಚೀಟಿಯ ಮೇಲೆ 'ಡೈಪರ್' ಎಂದೇ ಅಚ್ಚು ಹಾಕಿಸಿದ್ದಳು; ಬೀದಿಯವರ ಬಾಯಲ್ಲಿ ಅದು ಲಂಗೋಟಿಯಾಯಿತು, ಅವಳು ಲಂಗೋಟಿಯಕ್ಕನಾದಳು. ಅವಳಿಗೇನೂ ಬೇಸರವಿರಲಿಲ್ಲ. ಬೇಸರವೆಲ್ಲ ಗಂಡನಿಗೆ. ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಹಾಲಿನವನು ಒಂದು ಬೆಳಿಗ್ಗೆ ಅವನನ್ನು "ಲಂಗೋಟಿಯಕ್ಕನ ಯಜಮಾನ್ರು" ಅಂದುಬಿಟ್ಟಿದ್ದ. ಅಂದಿನಿಂದ ಹಾಲಿಗೆ ಅವನು ಬಾಗಿಲ ಹತ್ತಿರ ಹೋದವನಲ್ಲ. ಕಚೇರಿಯಲ್ಲಿ ಯಾರಾದರೂ ಕೇಳಿದರೆ, "ಮನೆಯವಳು ಏನೋ ಹೊಲಿಗೆ ಗಿಲಿಗೆ ಮಾಡ್ಕೊಂಡಿರ್ತಾಳೆ" ಅನ್ನುತ್ತಿದ್ದ.

ಆ ಗಿಲಿಗೆಯನ್ನು ಅವಳು ಹತ್ತು ವರ್ಷದಿಂದ ನುಂಗಿಕೊಂಡು ಬಂದಿದ್ದಳು.

ಶುರುವಾದದ್ದು ಮಗಳು ಕೂಸಾಗಿದ್ದಾಗ. ಅಂಗಡಿಯಿಂದ ತಂದ ಡೈಪರ್ ಹಾಕಿ ಮಗುವಿನ ತೊಡೆಸಂದು ಕೆಂಪಗೆ ಸುಲಿದುಹೋಗಿತ್ತು. ಅವಳು ಹಳೆಯ ಹತ್ತಿ ಹೊದಿಕೆಯೊಂದನ್ನು ಕತ್ತರಿಸಿ, ಪದರ ಪದರವಾಗಿ ಮಡಚಿ ಹೊಲಿದಳು. ಮೊದಲನೆಯದು ಸೋರಿತು, ಎರಡನೆಯದೂ ಸೋರಿತು, ಏಳನೆಯದು ನಿಂತಿತು. ಆ ಏಳನೆಯದರ ಕಾಗದದ ಅಳತೆ ಈಗಲೂ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಮೊಳೆಗೆ ನೇತಾಡುತ್ತದೆ.

ಅವಳ ಕೆಲಸದಲ್ಲಿ ಆತುರವೆಂಬುದಿಲ್ಲ. ಹೊಸ ಬಟ್ಟೆ ಬಂದರೆ ನೇರವಾಗಿ ಕತ್ತರಿ ಆಡಿಸುವುದಿಲ್ಲ. ಬಿಸಿನೀರಿನಲ್ಲಿ ಮೂರು ಸಲ ಒಗೆದು ಅದರ ಗಂಜಿ ಬಿಡಿಸಬೇಕು, ಕುಗ್ಗುವಷ್ಟು ಕುಗ್ಗಿಸಬೇಕು, ಆಮೇಲೆ ಕತ್ತರಿ. ಒಳಗೆ ಆರು ಪದರ ಹತ್ತಿ, ಹೊರಗೆ ನೀರು ದಾಟಿಸದ ಹಾಳೆ, ತೊಡೆಯ ಸುತ್ತ ಮೆತ್ತನೆಯ ಎಲಾಸ್ಟಿಕ್, ಸೊಂಟಕ್ಕೆ ಎರಡು ಸಾಲು ಟಿಚ್ ಬಟನ್. ಹೊಲಿದು ಮುಗಿಸಿದ ಮೇಲೆ ಒಂದೊಂದರ ಮೇಲೂ ಒಂದು ಲೋಟ ನೀರು ಸುರಿದು, ಅಡಿಯಲ್ಲಿ ಅಂಗೈ ಇಟ್ಟು ಒತ್ತುತ್ತಾಳೆ. ಅಂಗೈ ಒಣಗಿದ್ದರೆ ಪಾಸು. ಒಂದು ಹನಿ ತಾಗಿದರೂ ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ. ಕೊನೆಗೆ ಸೀಮೆಸುಣ್ಣದ ಗುರುತು ಹೋಗುವಂತೆ ಒಮ್ಮೆ ಬರೀ ನೀರಿನಲ್ಲಿ ಒಗೆದು ಒಣಗಿಸಿ ಕಟ್ಟುತ್ತಾಳೆ. ಇದಕ್ಕೆ ಹೊತ್ತು ಹೋಗದವರ ಕೆಲಸ ಅನ್ನುವವರ ನಾಲಿಗೆಗೆ ಏನು ಹೇಳುವುದು!

ಹೀಗಿರುವಾಗ ದೊಡ್ಡ ರಸ್ತೆಯಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಶಿಶುವಿಹಾರವೊಂದು ತೆರೆಯಿತು. ಅದರ ಮೇಡಂ ಅರವತ್ತು ಡೈಪರ್ ಬೇಕೆಂದರು. ಚೆನ್ನಾಗಿದ್ದರೆ ವರ್ಷವಿಡೀ ನಿಮ್ಮಲ್ಲೇ ತೆಗೆದುಕೊಳ್ಳುತ್ತೇವೆ ಎಂದರು. ಒಂದೊಂದೇ ಕೂಸಿಗೆ ಹೊಲಿಯುತ್ತಿದ್ದವಳಿಗೆ ಇದು ಮೊದಲ ದೊಡ್ಡ ಕೆಲಸ. ಇದು ಕೈಗೆ ಹತ್ತಿದರೆ ಇನ್ನೊಂದು ಯಂತ್ರ ತರಬಹುದು, ಮನೆಯ ಹೊರಗೆ ಒಂದು ಬೋರ್ಡು ಹಾಕಬಹುದು ಎಂದು ಅವಳು ಮನಸ್ಸಿನಲ್ಲೇ ಮಂಡಿಗೆ ತಿಂದಳು. ಶಿಶುವಿಹಾರದ ಪುಸ್ತಕದಲ್ಲಿ ಮಾತ್ರ ಗಂಡನ ಫೋನ್ ನಂಬರೇ ಹೋಯಿತು. ಚೀಟಿಯ ಮೇಲೆ ಇರುವುದೂ ಅದೇ. "ಹೆಂಗಸರ ನಂಬರ್ ಕಂಡಕಂಡವರಿಗೆ ಯಾಕೆ?" ಎಂದು ಅವನು ಹತ್ತು ವರ್ಷದ ಹಿಂದೆಯೇ ತೀರ್ಮಾನ ಮಾಡಿದ್ದ.

ಅರವತ್ತನ್ನೂ ಹೊಲಿದು, ನೀರು ಸುರಿದು ನೋಡಿ, ಒಗೆಯುವ ಯಂತ್ರಕ್ಕೆ ತುಂಬಿ, "ರೀ, ಹತ್ತು ನಿಮಿಷ ಬಿಟ್ಟು ಸ್ವಿಚ್ ಒತ್ತಿ, ಅಷ್ಟು ಸಾಕು" ಎಂದು ಹೇಳಿ ಅವಳು ಮುಂದಿನ ಹೊಲಿಗೆಗೆ ಎಲಾಸ್ಟಿಕ್ ತರಲು ಹೋದಳು. ಒಣಗಿದ ಮೇಲೆ ಮಡಚಿ ಕಟ್ಟಿ ಕಳಿಸಿದಳು. ಅವಳಿಗೆ ಆ ವಾರವೆಲ್ಲ ನೆಗಡಿ, ಮೂಗು ಕಟ್ಟಿಹೋಗಿತ್ತು. ಆ ಮೂಗನ್ನು ಅವಳು ಆಮೇಲೆ ಎಷ್ಟು ಶಪಿಸಿದಳೋ.

ನಾಲ್ಕನೇ ದಿನ ಶಿಶುವಿಹಾರದ ಆಯಾ ಎರಡು ಚೀಲ ಹೊತ್ತು ಬಂದು ಬಾಗಿಲಲ್ಲಿ ಇಳಿಸಿದಳು.

"ತಪ್ಪು ತಿಳ್ಕೋಬೇಡಿ ಅಕ್ಕ. ಹಾಕಿದ ಐದು ನಿಮಿಷಕ್ಕೆ ಎಲ್ಲ ತೊಡೆ ಮೇಲೆ ಹರಿಯುತ್ತೆ. ಹಾಸಿಗೆ, ಚಾಪೆ, ನನ್ನ ಮಡಿಲು, ಯಾವುದೂ ಉಳಿದಿಲ್ಲ."

"ನನ್ನದಾ? ಸೋರ್ತಾ?"

"ಮೇಡಂ ಸರಿಯಾಗಿ ಬೈಬೇಕು ಅಂತಲೇ ಫೋನ್ ಮಾಡಿದ್ರು. ಆದ್ರೆ ನಿಮ್ಮನೆಯವರು ಎಷ್ಟು ಚೆನ್ನಾಗಿ ಕ್ಷಮೆ ಕೇಳಿದ್ರು ಅಂದ್ರೆ, ಮೇಡಂ ತಣ್ಣಗಾಗಿಬಿಟ್ರು."

"ಏನಂತ ಕೇಳಿದ್ರು?"

ಆಯಾ ಒಳ್ಳೆಯ ಸುದ್ದಿ ಹೇಳುವವಳಂತೆ ಹೇಳಿದಳು. "'ಮನೇಲಿ ಹೆಂಗಸರು ಹೊತ್ತು ಹೋಗ್ಲಿ ಅಂತ ಮಾಡೋ ಕೆಲಸ ಮೇಡಂ, ಫ್ಯಾಕ್ಟರಿ ಥರ ಎಲ್ಲಿ ಬರುತ್ತೆ, ದೊಡ್ಡ ಮನಸ್ಸು ಮಾಡಿ' ಅಂದ್ರಂತೆ. ಮುಂದಿನ ವಾರ ಮೇಡಂ ಡೈಪರ್ ತಂದುಕೊಡೋಕೆ ಅಂಗಡಿಯವರಿಗೆ ಹೇಳ್ತಾರಂತೆ."

ಲಂಗೋಟಿಯಕ್ಕ ಒಳಗಿನಿಂದ ನೀರು ತಂದಳು. ಚೀಲದಿಂದ ಒಂದನ್ನು ಎಳೆದು, ಒಂದು ಲೋಟ ನೀರು ಸುರಿದಳು. ಕೆಸುವಿನ ಎಲೆಯ ಮೇಲೆ ನಿಂತಂತೆ ನೀರು ಗುಂಡಗೆ ನಿಂತಿತು, ಆಮೇಲೆ ಉರುಳಿ ನೆಲಕ್ಕೆ ಬಿತ್ತು. ನೆಗಡಿ ಬಿಟ್ಟಿದ್ದ ಮೂಗಿಗೆ ಆಗ ತಾಗಿತು: ಮಲ್ಲಿಗೆಯ ವಾಸನೆ. ಗಂಡ ತನ್ನ ಕಚೇರಿಯ ಅಂಗಿಗಳಿಗೆ ಹಾಕಿಸಿಕೊಳ್ಳುವ ನೀಲಿ ಬಾಟ್ಲಿಯ ವಾಸನೆ. ಅಂಗಿಯನ್ನು ಮೆತ್ತಗೆ, ಘಮಘಮ ಮಾಡುವ ಆ ದ್ರಾವಣ ನೂಲಿಗೆ ಜಿಡ್ಡಿನಂತೆ ಅಂಟುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಅಂಗಿಗೆ ಅದರಿಂದ ನಷ್ಟವಿಲ್ಲ. ಲಂಗೋಟಿಗೆ ಅದು ವಿಷ.

ಒಳಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ಕೇಳದೆಯೇ ಬಾಯಿಬಿಟ್ಟರು. "ಅವನೇ ಕಣಮ್ಮ. ನೀನು ಹೊರಗೆ ಹೋಗಿದ್ದಾಗ ಆ ಬಾಟ್ಲಿಯಿಂದ ಮೂರು ಮುಚ್ಚಳ ಸುರಿದ. ಯಾಕೋ ಅಂದ್ರೆ, ನಿಂಗೊತ್ತಾಗಲ್ಲ ಸುಮ್ನಿರಮ್ಮ ಅಂದ."

ಸಂಜೆ ಗಂಡ ಚಪ್ಪಲಿ ಬಿಡುವಷ್ಟು ಹೊತ್ತು ಅವಳು ಕಾದಳು, ಅಷ್ಟೇ.

"ನೀಲಿ ಬಾಟ್ಲಿ ಹಾಕಿದ್ದು ನೀವಾ?"

"ಒಳ್ಳೇದಾಗ್ಲಿ ಅಂತ ಹಾಕ್ದೆ ಕಣೇ. ದೊಡ್ಡ ಜಾಗಕ್ಕೆ ಹೋಗೋ ಮಾಲು, ಸ್ವಲ್ಪ ಘಮ ಅಂತಿರ್ಲಿ ಅಂತ."

"ಮೇಡಂ ಫೋನ್ ಮಾಡಿದ್ದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗುತ್ತೆ ಅಂತ. ನಾನೇ ಸಂಭಾಳಿಸಿದ್ನಲ್ಲ!"

"ನನ್ನ ಕೆಲಸ ಹೊತ್ತು ಹೋಗೋಕೆ ಅಂತ ಹೇಳಿ ಸಂಭಾಳಿಸಿದ್ರಾ?" ಅವಳ ದನಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಹತ್ತು ವರ್ಷದಲ್ಲಿ ಒಂದು ದಿನ ಈ ಬಟ್ಟೆ ಮುಟ್ಟಿದವರಲ್ಲ ನೀವು. ಒಂದೇ ಸಲ ಮುಟ್ಟಿದ್ರಿ, ಅರವತ್ತನ್ನೂ ಹಾಳು ಮಾಡಿದ್ರಿ. ಹಾಳು ಮಾಡಿದ್ದು ನೀವು, ಹೆಸರು ಕೆಟ್ಟಿದ್ದು ನನ್ನದು. ಊರಿಗೆಲ್ಲ ನೀರು ಹಂಚೋ ಆಫೀಸಲ್ಲಿ ಕೂತ್ಕೊಂಡು, ಒಂದು ಲೋಟ ನೀರು ಬಟ್ಟೆಯೊಳಗೆ ಹೇಗೆ ಇಳಿಯುತ್ತೆ ಅನ್ನೋದು ಗೊತ್ತಿಲ್ವಾ ನಿಮಗೆ?"

ಅವನು ಅಮ್ಮನ ಕಡೆ ನೋಡಿದ. ಅತ್ತೆ ಬೆಳ್ಳುಳ್ಳಿಯ ಕಡೆ ನೋಡಿದರು.

ರಜೆಯ ದಿನ ಬೆಳಿಗ್ಗೆ ಅವಳು ಅರವತ್ತನ್ನೂ ಹಿತ್ತಲಿನಲ್ಲಿ ಸುರಿದು, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಅವನ ಕೈಗೆ ಸೋಡಾಪುಡಿ ಕೊಟ್ಟಳು. "ಜಿಡ್ಡು ಹೋಗೋವರೆಗೂ ಉಜ್ಜಿ." ಯಂತ್ರಕ್ಕೆ ಹಾಕುತ್ತೇನೆ ಅಂದ. ಬೇಡ ಅಂದಳು. ಒಂದು ಸುತ್ತು ಮುಗಿದಾಗ ಸ್ಟೂಲಿನ ಮೇಲೆ ಕೂತಿದ್ದ ಅವಳು ಲೋಟದಿಂದ ನೀರು ಸುರಿದು ನೋಡಿದಳು. "ಇನ್ನೂ ನಿಲ್ತಾ ಇದೆ. ಮತ್ತೆ." ಎರಡನೆಯ ಸುತ್ತಿಗೂ ಅದೇ ಮಾತು. ಮೂರಕ್ಕೆ ಸೋಡಾದಿಂದ ಅವನ ಬೆರಳ ಚರ್ಮ ಸುಲಿಯಿತು, ಸೊಂಟ ಹಿಡಿಯಿತು. ನಾಲ್ಕನೆಯದಕ್ಕೆ ನೀರು ಸುರಿದಲ್ಲೇ ಇಳಿದುಹೋಯಿತು. ಅವಳಿಗೆ ಅವನ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ.

ಮರುದಿನ ಇಬ್ಬರೂ ಶಿಶುವಿಹಾರಕ್ಕೆ ಹೋದರು. ಚೀಲ ಅವನೇ ಹೊತ್ತಿದ್ದ.

"ಮೇಡಂ, ಅದು ಒಗೆಯೋವಾಗ ಸ್ವಲ್ಪ ಹೆಚ್ಚುಕಮ್ಮಿ ಆಗಿಬಿಟ್ಟಿತ್ತು" ಎಂದು ಅವನು ಶುರುಮಾಡಿದ.

"ಯಾರು ಒಗೆಯೋವಾಗ?" ಅವಳು ಕೇಳಿದಳು.

"ನಾನು." ಅವನು ಚೀಲ ಕೆಳಗಿಟ್ಟ. "ನಾನು ಘಮ ಬರ್ಲಿ ಅಂತ ಏನೋ ಹಾಕಿದ್ದೆ. ಅದಕ್ಕೇ ಸೋರಿದ್ದು. ಇವಳ ಹೊಲಿಗೆಯಲ್ಲಿ ದೋಷ ಇರ್ಲಿಲ್ಲ. ನಾಲ್ಕು ಸಲ ನಾನೇ ಒಗೆದು ತಂದಿದೀನಿ."

ಅವಳು ಮೇಜಿನ ಮೇಲೆ ಒಂದನ್ನು ಹರಡಿ, ಮೇಡಂ ಕುಡಿಯಲು ಇಟ್ಟುಕೊಂಡಿದ್ದ ನೀರನ್ನೇ ಸುರಿದಳು. "ಅಡಿಯಲ್ಲಿ ಕೈ ಇಟ್ಟು ಒತ್ತಿ ನೋಡಿ ಮೇಡಂ." ಮೇಡಂ ಒತ್ತಿದರು, ಅಂಗೈ ತಿರುಗಿಸಿ ನೋಡಿದರು. ಒಣಗಿತ್ತು. ಆದರೆ ಅವರ ಕಣ್ಣು ಹೋದದ್ದು ಗಂಡನ ಚರ್ಮ ಸುಲಿದ ಬೆರಳುಗಳ ಮೇಲೆ.

"ಅರವತ್ತನ್ನೂ ನೀವೇ ಒಗೆದ್ರಾ? ಅಯ್ಯೋ ಪಾಪ! ಎಂಥ ಗಂಡ ಸಿಕ್ಕಿದಾರಮ್ಮ ನಿಮಗೆ. ನಮ್ಮನೆಯವರು ತಾವು ಕುಡಿದ ಲೋಟ ಎತ್ತಿಡಲ್ಲ. ಪುಣ್ಯ ಮಾಡಿದೀರಿ."

ಗಂಡನ ಮುಖ ಅರಳಿತು. ಅದನ್ನು ನೋಡಿದ್ದೇ ತಡ, ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಅವಳ ಬಾಯಿಗೆ ಬಂತು. ಕೆಲಸ ಹೋದರೆ ಹೋಗಲಿ ಅಂದುಕೊಂಡಳು.

"ಒಂದು ದಿನ ಒಗೆದಿದಾರೆ ಮೇಡಂ, ಅದೂ ತಾವೇ ಕೆಡಿಸಿದ್ದನ್ನ. ನಾನು ಹತ್ತು ವರ್ಷದಿಂದ ಒಗೀತಿದೀನಿ. ನನ್ನ ಬೆರಳು ನೋಡಿ ಯಾರೂ ಪಾಪ ಅನ್ಲಿಲ್ಲ. ಹೊತ್ತು ಹೋಗೋಕೆ ಮಾಡ್ತಾಳೆ ಅಂದ್ರು. ನೀವೂ ನಂಬಿದ್ರಿ. ಒಂದು ಮಾತು ನನ್ನನ್ನ ಕೇಳ್ಲಿಲ್ಲ."

ಮೇಡಂ ಪೆಚ್ಚಾದರು. ಮೆಲ್ಲನೆ ಹೇಳಿದರು. "ಕೇಳಬೇಕಾಗಿತ್ತು. ಅಂಗಡಿಯವರಿಗೆ ಇನ್ನೂ ಹೇಳಿಲ್ಲ. ನೀವೇ ಹೊಲಿದುಕೊಡಿ."

"ಕೊಡ್ತೀನಿ. ಆ ಪುಸ್ತಕ ಸ್ವಲ್ಪ ಕೊಡಿ."

ಸಾಮಾನು ತಂದುಕೊಡುವವರ ಪುಸ್ತಕದಲ್ಲಿ 'ಡೈಪರ್, ಗುಮಾಸ್ತರ ಮನೆಯವರು' ಎಂದಿತ್ತು, ಮುಂದೆ ಗಂಡನ ನಂಬರು. ಅವಳು ಎರಡನ್ನೂ ಹೊಡೆದುಹಾಕಿ ತನ್ನ ಹೆಸರು, ತನ್ನ ನಂಬರು ಬರೆದಳು. ಪೆನ್ನು ಒತ್ತಿದ ರಭಸಕ್ಕೆ ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡಿತು.

ರಸ್ತೆಗೆ ಬಂದ ಮೇಲೆ ಗಂಡ ಬರಿದಾದ ಚೀಲ ಮಡಚುತ್ತ ಕೇಳಿದ. "ಕೆಲಸ ಉಳೀತಲ್ಲ, ಇನ್ನೂ ಯಾಕೆ ಮುಖ ಗಂಟು? ನನ್ನ ನಂಬರೂ ಪಕ್ಕದಲ್ಲಿ ಇದ್ದಿದ್ರೆ ಏನಾಗ್ತಿತ್ತು?"

"ಇನ್ನೊಂದು ಸಲ ನನ್ನ ಪರವಾಗಿ ಕ್ಷಮೆ ಕೇಳ್ತಿದ್ರಿ" ಎಂದಳು ಅವಳು.