ವಸ್ತಾದರು ಬ್ಯಾಡ ಅಂದಿರಲಿಲ್ಲ

ರುದ್ರಪ್ಪಣ್ಣಾ, ಆ ದಿನ ಹನುಮಪ್ಪನ ಕೋಣೆಯ ಬಾಗಿಲ ಹಿಂದಿನಿಂದ ನಿನಗೆ 'ಬ್ಯಾಡ' ಅಂದವರು ವಸ್ತಾದರಲ್ಲ. ನಾನು.

ಇದನ್ನು ಬಾಯಿಂದ ಹೇಳಬೇಕೆಂದು ಎರಡು ಮೂರು ಸಲ ನಿನ್ನೂರು ಮುಗದದ ರೈಲುಗಾಡಿ ಹತ್ತಿದ್ದೆ. ಆದರೆ ನನ್ನ ಬಾಯಿಯ ಹಣೆಬರಹ ನಿನಗೆ ಗೊತ್ತು — ತೆರೆದರೆ ಯಾರದಾದರೂ ದನಿ ಬರುತ್ತದೆ, ನನ್ನದು ಬರುವುದಿಲ್ಲ. ನಾನು ಅತ್ತರೂ ಜನ, 'ಇದು ಯಾರ ನಕಲು ವಾಸ್ಯಾ? ಭಾಳ ಛಲೋ ಐತಿ, ಇನ್ನೊಮ್ಮೆ ಅಳು' ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಯಾರ ದನಿಯನ್ನೂ ತೆಗೆಯಲು ಬರುವುದಿಲ್ಲ. ಅಥವಾ ಅದೂ ಬರುತ್ತದೋ ಏನೋ — ನನ್ನನ್ನು ನಾನೇ ನಂಬುವುದಿಲ್ಲ.

ರುದ್ರಪ್ಪನನ್ನು ಅರಿಯದವರು ಇದನ್ನು ಓದಬಹುದು; ಅವರಿಗೂ ಹೇಳಿಬಿಡುತ್ತೇನೆ. ಧಾರವಾಡದ ನಮ್ಮ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಮಲ್ಲಗಂಬ ಏರುವವರಲ್ಲಿ ಅವನೇ ಮೊದಲಿಗ. ಔಡಲೆಣ್ಣೆ ಸವರಿದ ಆ ಕಂಬದ ಮೇಲೆ ನಾವೆಲ್ಲ ಜಾರುವ ಹಲ್ಲಿಗಳು. ಅವನು ಏರಿದರೆ ಕಂಬವೇ ಅವನನ್ನು ಎತ್ತಿಕೊಂಡ ಹಾಗೆ ಕಾಣುತ್ತಿತ್ತು. ತುದಿಯ ಗುಂಡಿನ ಮೇಲೆ ಎರಡು ಅಂಗೈ ಊರಿ, ಹೊಟ್ಟೆಯನ್ನು ಮೊಣಕೈಗೆ ಕೊಟ್ಟು, ಮೈಯೆಲ್ಲ ಗಾಳಿಯಲ್ಲಿ ಅಡ್ಡ ಚಾಚಿ ನಿಲ್ಲುತ್ತಿದ್ದ. ಅದಕ್ಕೆ ನಾವು 'ನವಿಲು ಕೂಡ್ರಸೂದು' ಅನ್ನುತ್ತಿದ್ದೆವು. ಮೂವತ್ತು ದಾಟಿದ್ದ ಅವನಿಗೆ ಮಣಿಕಟ್ಟು ನೋಯುತ್ತಿತ್ತು, ಮುಂಜಾನೆ ಎದ್ದಾಗ ಮೊಣಕಾಲು ಕಟಕಟ ಅನ್ನುತ್ತಿತ್ತು. ಆ ವರ್ಷದ ನಾಗಪಂಚಮಿಯ ಆಟವೇ ತನ್ನ ಕಡೆಯ ಆಟ, ಆಮೇಲೆ ಮುಗದಕ್ಕೆ ಹೋಗಿ ಎಮ್ಮೆ ಕಟ್ಟಿ ಹೆಂಡತಿ ಗಂಗವ್ವನ ಸಂಗಡ ಮನುಷ್ಯರಂತೆ ಬದುಕುತ್ತೇನೆ ಎಂದು ನನ್ನೊಬ್ಬನಿಗೇ ಹೇಳಿದ್ದ. ಯಾಕೆ ನನಗೇ ಹೇಳಿದ — ಪಾಪ, ನಗಿಸುವವರು ಒಳ್ಳೆಯವರಿರುತ್ತಾರೆ ಎಂದುಕೊಂಡಿದ್ದನೇನೋ.

ಮನುಷ್ಯರಂತೆ ಬದುಕುವುದು! ತಾಲೀಮಿನಲ್ಲಿ ಅದೊಂದನ್ನು ಬಿಟ್ಟು ಎಲ್ಲ ಕಲಿಸುತ್ತಿದ್ದರು. ಹಾಲು ಕುಡಿ, ಬಾದಾಮಿ ತಿನ್ನು, ಕೆಮ್ಮಣ್ಣಿನಲ್ಲಿ ಹೊರಳು, ಹೆಂಗಸರನ್ನು ಕಂಡರೆ ಆಚೆಗೆ ಮಾರಿ ಮಾಡು. ಆಷಾಢ ಮುಗಿದದ್ದೇ ಕಂಬದವರೆಲ್ಲ ತಾಲೀಮಿನಲ್ಲೇ ಮಲಗಬೇಕು. ಮದುವೆಯಾದವರು ಮನೆಯ ಹೊಸಿಲು ತುಳಿಯಕೂಡದು. ಊಟದ ಡಬ್ಬಿಯನ್ನು ಕೂಡ ಕಟ್ಟೆಯ ಮೇಲಿಟ್ಟು ಹೋಗಬೇಕು — ಹೆಂಡತಿಯ ಬಳೆಯ ಸಪ್ಪಳ ಕಿವಿಗೆ ಬಿದ್ದರೆ ಕಾಲ ಹಿಡಿತ ಸಡಿಲಾಗುತ್ತದಂತೆ. ನಾವು ಅದನ್ನು ನಂಬಿದ್ದೆವು. ಕತ್ತು ಕೋಣನ ಹಾಗೆ ಬೆಳೆದವರ ತಲೆಯಲ್ಲಿ ಏನಿರುತ್ತದೆ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ: ಎಣ್ಣೆ.

ಇನ್ನೊಂದು ಪದ್ಧತಿ ಇತ್ತು, ಅದನ್ನು ಹೇಳದೆ ನನ್ನ ಪಾಪ ತಿಳಿಯುವುದಿಲ್ಲ. ನಮಗೆ ಕಂಬ ಕಲಿಸಿದ ಗುರು ಯಲ್ಲಪ್ಪ ವಸ್ತಾದರು ಮುಂಜಾನೆ ಹನುಮಪ್ಪನ ಪೂಜೆ ಮುಗಿಯುವತನಕ, ಸಿಂಧೂರ ಕಲಸುವವನೊಬ್ಬನನ್ನು ಬಿಟ್ಟು, ಯಾರ ಮಾರಿಯನ್ನೂ ನೋಡುತ್ತಿರಲಿಲ್ಲ. ಏನಾದರೂ ಬೇಡುವವರು ಮುಚ್ಚಿದ ಬಾಗಿಲ ಹೊರಗೆ ಕೈಕಟ್ಟಿ ನಿಂತು ಬೇಡಬೇಕು. ಒಳಗಿನಿಂದ ಒಂದೇ ಮಾತು ಬರುತ್ತದೆ. ಅದು ವಸ್ತಾದರ ಮಾತಲ್ಲ, ಹನುಮಪ್ಪನದು ಎಂದು ಲೆಕ್ಕ. ಹೂಂ ಅಂದರೆ ಹೂಂ. ಬ್ಯಾಡ ಅಂದರೆ ಮತ್ತೊಮ್ಮೆ ಕೇಳುವಂತಿಲ್ಲ, ಆ ಮಾತನ್ನು ಅವರ ಮುಂದೆ ಎತ್ತುವಂತೆಯೂ ಇಲ್ಲ. ಎತ್ತಿದವನ ಲಂಗೋಟಿ ಕಳಚಿ ಗೂಟಕ್ಕೆ ಹಾಕುತ್ತಾರೆ. ಅಲ್ಲಿಗೆ ಅವನ ತಾಲೀಮು ಮುಗಿಯಿತು.

ಪಂಚಮಿಯ ಹಿಂದಿನ ದಿನ ಮುಂಜಾನೆ ಹನುಮಪ್ಪನಿಗೆ ಸಿಂಧೂರ ಕಲಸುವ ಪಾಳಿ ನನ್ನದು. ವಸ್ತಾದರು ಹಿಂದಿನ ಬಾಗಿಲಿನಿಂದ ಬಾವಿಗೆ ಹೋಗಿದ್ದರು. ಒಳಗೆ ನಾನೊಬ್ಬನೇ, ಬೆರಳೆಲ್ಲ ಕೆಂಪು. ಹೊರಗೆ ನಿನ್ನ ಹೆಜ್ಜೆ ಕೇಳಿತು, ರುದ್ರಪ್ಪಣ್ಣಾ. ಬಲಗಾಲು ಸ್ವಲ್ಪ ಎಳೆಯುತ್ತಿದ್ದೆಯಲ್ಲ — ನಾನು ಅದನ್ನೂ ನಕಲು ಮಾಡಿ ಎಷ್ಟು ಸಲ ನಗಿಸಿದ್ದೇನೆ.

ನೀ ಅಂದದ್ದು ಅಕ್ಷರ ಅಕ್ಷರ ನೆನಪಿದೆ. "ವಸ್ತಾದರ, ಗಂಗವ್ವಗ ದಿನಾ ತುಂಬ್ಯಾವರಿ. ಸೂಲಗಿತ್ತಿ, ಕೂಸು ಅಡ್ಡ ಐತಿ ಅಂದಾಳಂತ. ಮನ್ಯಾಗ ಗಂಡಸೂರು ಯಾರೂ ಇಲ್ಲ, ಮುದುಕಿ, ಒಂದು ಸಣ್ಣ ಹುಡುಗ. ಗಾಡಿ ಕಟ್ಟಿ ಆಕಿನ್ನ ದವಾಖಾನಿಗೆ ತಂದು ಬಿಟ್ಟು ಬರತೇನ್ರಿ. ಆಟದ ಹೊತ್ತಿಗೆ ಬಂದರ ಬಂದೆ, ಇಲ್ಲಂದರ — ವಾಸ್ಯಾ ಅದಾನಲ್ರಿ, ನನ್ನ ಬದಲಿ ಅಂವಾ ಏರಲಿ."

ನನ್ನ ಗಂಟಲಿಗೆ ವಸ್ತಾದರ ದನಿ ತಾನಾಗಿಯೇ ಬಂದಿತ್ತು. ಮೊದಲು ಆ ಸಣ್ಣ ಕೆಮ್ಮು. ಆಮೇಲೆ ಎದೆಯಿಂದ ಎತ್ತಿದ ಮಾತು.

"ಬ್ಯಾಡ. ಕಂಬ ಮೊದಲ, ಮನಿ ಆಮ್ಯಾಲ. ತಿಳೀತಿಲ್ಲೋ?"

ನೀನು "ತಿಳೀತ್ರಿ," ಅಂದೆ. ಹೋದೆ.

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡ ಕಥೆ ಏನೆಂದರೆ — ಅದು ಚೇಷ್ಟೆ. ಬಾಗಿಲು ತೆಗೆದು 'ಹೆಂಗ ಹೆದರಿಸಿದೆ ಅಣ್ಣಾ!' ಅನ್ನುವವನಿದ್ದೆ, ಅಷ್ಟರಲ್ಲಿ ವಸ್ತಾದರು ಬಂದುಬಿಟ್ಟರು. ಛಲೋ ಕಥೆ. ನಾಟಕದ ಕಂಪನಿಯವರು ಕೊಂಡುಕೊಳ್ಳಬೇಕು. ಆದರೆ ಅದು ಸುಳ್ಳು. ವಸ್ತಾದರು ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಅಷ್ಟು ಹೊತ್ತು ನಾನು ಸಿಂಧೂರ ಕಲಸುತ್ತಲೇ ಕೂತಿದ್ದೆ.

ಖರೆ ಮಾತು ಇದು: 'ನನ್ನ ಬದಲಿ ವಾಸ್ಯಾ ಏರಲಿ' ಎಂದು ಕೇಳಿದಾಗ ನನಗೆ ಗಂಗವ್ವ ಕಾಣಲಿಲ್ಲ, ಕಂಬ ಕಂಡಿತು. ನಿನ್ನ ನಂತರ ನಾನೇ ಎಂದು ಇಡೀ ತಾಲೀಮು ನಂಬಿತ್ತು. ಯಾಕೆ ನಂಬಿತ್ತು? ನೀನು ಅಂಗೈಗೆ ಮಣ್ಣು ತಿಕ್ಕುವುದು, ಸೂರ್ಯನತ್ತ ಒಮ್ಮೆ ಕಣ್ಣು ಕಿರಿದು ಮಾಡುವುದು, ಕಂಬಕ್ಕೆ ಹಣೆ ಹಚ್ಚುವುದು — ಎಲ್ಲ ನಾನು ನಿನಗಿಂತ ಚೆಂದ ಮಾಡುತ್ತಿದ್ದೆ. ನೋಡಿದವರು, ಇಷ್ಟು ಬಂದವನಿಗೆ ಉಳಿದದ್ದೂ ಬರುತ್ತದೆ ಎಂದುಕೊಂಡರು. ಉಳಿದದ್ದು ಬರುತ್ತಿರಲಿಲ್ಲ. ನೀವೆಲ್ಲ ಎದ್ದು ದಂಡ ಹೊಡೆಯುವಾಗ ನಾನು ಹುಬ್ಬಳ್ಳಿಯಲ್ಲಿ ನಾಟಕ ನೋಡಿ ಬಂದು ಕಂಬಳಿಯೊಳಗೆ ಚುರಮುರಿ ತಿನ್ನುತ್ತಿದ್ದೆ. ವಸ್ತಾದರನ್ನು, ಮಾಸ್ತರರಾದ ನಮ್ಮಪ್ಪನನ್ನು, ಕೋರ್ಟಿನ ವಕೀಲರನ್ನು, ಯಾರನ್ನು ಬೇಕಾದರೂ ಅಣಕಿಸಬಹುದು. ಕಂಬವನ್ನು ಅಣಕಿಸಲು ಬರುವುದಿಲ್ಲ. ಅದರ ಮೇಲೆ ನಾನೆಂದರೆ ಗೂಟಕ್ಕೆ ಒಣಹಾಕಿದ ಧೋತರ. ಏರಿದರೆ ಆಟ ನೋಡಲು ಬರುವ ದೊಡ್ಡ ಸಾಹೇಬರ ಮುಂದೆ, ನಾನು ಅಣಕಿಸಿ ಹೊಟ್ಟೆ ತುಂಬ ನಕ್ಕಿದ್ದ ಆ ಎಲ್ಲ ಜನರ ಮುಂದೆ ಬೀಳುತ್ತಿದ್ದೆ. ಅವರು ನಗುತ್ತಿದ್ದರು. ನಗಿಸುವುದು ನನಗೆ ಬಲು ಪ್ರೀತಿ, ಆದರೆ ಬಿದ್ದು ಅಲ್ಲ.

ಅಷ್ಟೇ. ನಾನು ಬೀಳಬಾರದೆಂದು ನಿನ್ನನ್ನು ಮನೆಗೆ ಬಿಡಲಿಲ್ಲ.

ಇನ್ನೂ ಹೊತ್ತು ಮೀರಿರಲಿಲ್ಲ, ಅದನ್ನೂ ಹೇಳಬೇಕು. ಮಧ್ಯಾಹ್ನ ನಿನ್ನ ಬೆನ್ನಿಗೆ ನಾನೇ ಎಣ್ಣೆ ತಿಕ್ಕುತ್ತಿದ್ದೆ. ವಸ್ತಾದರು ಎದುರಿಗೆ ಬಂದು ಕೂತರು.

"ಏನೋ ರುದ್ರಾ, ಮಾರಿ ಯಾಕ ಸಣ್ಣದಾಗೇತಿ?"

"ಏನಿಲ್ರಿ."

"ಮನಿ ಕಡೆ ಎಲ್ಲಾ ಛಲೋ ಐತೇನು?"

ಪದ್ಧತಿ ಮುರಿಯಬಾರದಲ್ಲ! ಒಮ್ಮೆ ಬ್ಯಾಡ ಅಂದಿದ್ದನ್ನು ಮತ್ತೆ ಎತ್ತಬಾರದಲ್ಲ! ಬ್ಯಾಡ ಅಂದವರೇ ಈಗ ಏನೂ ಗೊತ್ತಿಲ್ಲದವರ ಹಾಗೆ ಕೇಳುತ್ತಿದ್ದಾರೆ, ಎಂಥ ಕಲ್ಲು ಈ ಮುದುಕ ಎಂದು ನಿನಗೆ ಅನ್ನಿಸಿರಬೇಕು — ನನ್ನ ಅಂಗೈ ಕೆಳಗೆ ನಿನ್ನ ಬೆನ್ನು ಗಟ್ಟಿಯಾಯಿತು. "ಛಲೋ ಐತ್ರಿ," ಅಂದೆ ನೀನು. ವಸ್ತಾದರು ನನ್ನತ್ತ ನೋಡಿದರು. ನಾನು ಹುಬ್ಬು ಹಾರಿಸಿ ಏನೋ ಒಂದು ಮಂಗಚೇಷ್ಟೆ ಮಾಡಿದೆ. ಅವರು ನಕ್ಕರು. ನನ್ನ ಒಂದೇ ಮಾತು ಸಾಕಿತ್ತು, ರುದ್ರಪ್ಪಣ್ಣಾ. ಆ ಹೊತ್ತಿಗೂ ಗಾಡಿ ಕಟ್ಟಿದ್ದರೆ...

ಮರುದಿನ ಆಟ. ನೀನು ಯಾರಿಗಾಗಿ ಮೈ ಮುರಿದೆ, ಅವರನ್ನು ಸ್ವಲ್ಪ ನೆನೆಸಿಕೋ. ಸಾಹೇಬರು ನೊಣ ಹೊಡೆಯುತ್ತಿದ್ದರು. ನೀನು ಕಂಬಕ್ಕೆ ಹಣೆ ಹಚ್ಚುವಾಗ ಕೈಗಡಿಯಾರ ನೋಡಿದರು. ಪಕ್ಕದಲ್ಲಿ ಜರಿ ಪೇಟಾದ ನಮ್ಮ ಊರ ದೊಡ್ಡ ಮಂದಿ — ಒಬ್ಬರು ಎಲೆಯಡಿಕೆ ಅಗಿಯುತ್ತ, ಒಬ್ಬರು ತೂಕಡಿಸುತ್ತ, ಇನ್ನೊಬ್ಬರು ಸಾಹೇಬರ ಮುಖ ನೋಡಿ ಅವರು ಚಪ್ಪಾಳೆ ಹೊಡೆದರೆ ತಾವೂ ಹೊಡೆಯಲು ಕೈ ಎತ್ತಿಟ್ಟುಕೊಂಡು. ಇವರ ಕಣ್ಣಿಗೆ ಹಬ್ಬವಾಗಲೆಂದು ನಾವು ಸಂಸಾರ ಬಿಟ್ಟು ಕೆಮ್ಮಣ್ಣು ಹೊದ್ದು ಮಲಗುತ್ತಿದ್ದೆವು! ನೀನು ನವಿಲು ಕೂಡ್ರಿಸಿದೆ. ಅಷ್ಟು ಸ್ಥಿರವಾಗಿ ಅದು ಎಂದೂ ಕೂತಿರಲಿಲ್ಲ. ಸಿಟ್ಟಿಗೆ ಅಷ್ಟು ಬಲವಿರುತ್ತದೆಂದು ಕೆಳಗೆ ಎಣ್ಣೆಯ ಗಡಿಗೆ ಹಿಡಿದು ನಿಂತ ನನಗೆ ಆಗ ಹೊಳೆಯಲಿಲ್ಲ. ಎಲ್ಲರಿಗಿಂತ ದೊಡ್ಡದಾಗಿ 'ಶಾಬ್ಬಾಸ್!' ಎಂದು ಕೂಗಿದವನು ನಾನು. ಆ ಕೂಗು ನೆನಪಾದರೆ ನನ್ನ ನಾಲಗೆಯನ್ನು ಉಗುಳಿಬಿಡಬೇಕು ಅನ್ನಿಸುತ್ತದೆ.

ಕೊರಳಲ್ಲಿ ಹಾರ ಇದ್ದ ಹಾಗೆಯೇ ನಿನ್ನ ಹೆಂಡತಿಯ ತಮ್ಮ ಬಂದ. ಕೆಸರುಗಾಲು, ಓಡಿ ಬಂದಿದ್ದ. "ಕೂಸು ಹೋತು, ಮಾವಾ. ಅಕ್ಕ ಉಳದಾಳ. ನಿನ್ನ ಹಾದಿ ನೋಡೀ ನೋಡೀ—" ಎಂದು ಅಲ್ಲಿಗೇ ನಿಲ್ಲಿಸಿದ.

ನೀನು ಅಳಲಿಲ್ಲ. ಹಾರ ತೆಗೆದೆ, ವಸ್ತಾದರ ಕಾಲ ಬಳಿ ಇಟ್ಟೆ. "ನಿಮ್ಮ ಕಂಬ ನಿಮಗಿರಲಿ," ಅಂದೆ. ಮುದುಕ ಕಣ್ಣು ಪಿಳಿಪಿಳಿ ಬಿಡುತ್ತ ನಿಂತ. ನೀನು ತಿರುಗಿ ನೋಡದೆ ಹೋದೆ. ಮುಗದದಲ್ಲಿ ಎಮ್ಮೆ ಕಟ್ಟಿದ್ದೀ, ಪೇಢೆ ಮಾಡುವವರಿಗೆ ಹಾಲು ಕಾಸಿ ಖವಾ ಹಾಕುತ್ತೀ ಎಂದು ಆಮೇಲೆ ಕೇಳಿದೆ. ಆಟ ಬಿಟ್ಟ ಮೇಲೆ ಬದುಕಬೇಕೆಂದು ನೀನು ಇಟ್ಟುಕೊಂಡಿದ್ದ ಬದುಕೇ ಅದು, ಒಂದು ಕೂಸು ಕಡಿಮೆ. ಗಂಗವ್ವ ವರ್ಷದ ತನಕ ನಿನ್ನ ಸಂಗಡ ಮಾತಾಡಲಿಲ್ಲವೆಂದೂ, ಆಮೇಲೆ ಆಡಿದ ಮೊದಲ ಮಾತು 'ಆ ಕಂಬಾನ ಮದುವಿ ಆಗಬೇಕಿತ್ತು ನೀ' ಎಂದೂ ಜನ ಹೇಳಿದರು. ಹೇಳುವಾಗ ನಕ್ಕರು. ನಾನು ಆ ಮಾತನ್ನು ಮಾತ್ರ ಈವರೆಗೆ ನಕಲು ಮಾಡಿಲ್ಲ.

ಹೋದ ವರ್ಷ ವಸ್ತಾದರು ಹಾಸಿಗೆ ಹಿಡಿದರು. ನಿನಗೆ ಎರಡು ಸಲ ಹೇಳಿಕಳಿಸಿದರು, ನೀನು ಬರಲಿಲ್ಲ. ಬರದಿದ್ದುದು ಸರಿ, ನಿನ್ನ ಮಟ್ಟಿಗೆ ಆ ಮುದುಕ ಕೊಲೆಗಾರ. ನಾನು ಕಾಲು ಒತ್ತುತ್ತ ಕೂತಿದ್ದೆ. ಆ ಕಾಲನ್ನು ನೋಡಬೇಕಿತ್ತು — ಜೀವನವೆಲ್ಲ ಕಂಬ ತಬ್ಬಿದ ಕಾಲು, ಈಗ ಮಡಚಲೂ ಬಾರದು, ಚಾಚಲೂ ಬಾರದು. ಮನೆಯಲ್ಲಿ ನೀರು ಕೊಡುವ ಹೆಣ್ಣುಮಗಳಿಲ್ಲ, ಮಗನಿಲ್ಲ. ಗೋಡೆಯ ತುಂಬ ಆಟದಲ್ಲಿ ಗೆದ್ದ ಬಿಲ್ಲೆಗಳು.

"ರುದ್ರಾಗ ನಾ ಏನ ಮಾಡೀನೋ, ವಾಸ್ಯಾ?" ಎಂದರು.

ನಾನು ಇನ್ನೊಂದು ಕಾಲಿಗೆ ಕೈ ಹಾಕಿದೆ.

"ನಮ್ಮವ್ವ ಸಾಯೂ ಮುಂದ ನಾ ಕೊಲ್ಹಾಪುರದಾಗ ಕಂಬ ಏರಿದ್ದೆ. ವಸ್ತಾದರನ್ನ ಕೇಳಾಕ ಅಂಜಿಕಿ. ಮನಿಗೆ ಬರೂದ್ರಾಗ ಮಣ್ಣಾಗಿತ್ತು. ಅವತ್ತ ಹನಮಪ್ಪನ ಮುಂದ ಆಣಿ ಮಾಡೀನಿ — ಮನಿಗೆ ಹೋಗತೇನಿ ಅಂತ ಬಂದಾವಂಗ ಬ್ಯಾಡ ಅನ್ನಂಗಿಲ್ಲ ಅಂತ. ಅದಕ್ಕ ಆ ಬಾಗಲಾ ಮುಚ್ಚತಿದ್ದೆ ನಾ. ನನ್ನ ಮಾರಿ ನೋಡಿದರ ಹುಡುಗರು ಅಂಜತಾವ, ಕೇಳಂಗಿಲ್ಲ ಅಂತ. ಆದರೂ ಒಬ್ಬರರೆ ಕೇಳಿದರೇನು? ಖರೇ ಹೇಳು, ರುದ್ರಾ ಕೇಳಾಕ ಬಂದಿದ್ದೇನು? ನಾ ಇಲ್ಲದಾಗ ಬಂದು ಹೋಗಿದ್ದೇನು?"

"ಇಲ್ರಿ ವಸ್ತಾದರ," ಅಂದೆ. "ಯಾರೂ ಬಂದಿದ್ದಿಲ್ರಿ."

ಇದನ್ನು ಯಾರ ದನಿಯಲ್ಲೂ ಹೇಳಲಿಲ್ಲ. ನನ್ನ ಸ್ವಂತ ದನಿಯಲ್ಲೇ ಹೇಳಿದೆ. ನನಗೊಂದು ಸ್ವಂತ ದನಿ ಇದೆಯೆಂದು ತಿಳಿದದ್ದೇ ಆವತ್ತು. ಅದು ಹೀಗಿದೆ ಎಂದೂ ತಿಳಿಯಿತು. ನಾಲ್ಕು ದಿನದಲ್ಲಿ ಮುದುಕ ತೀರಿಕೊಂಡ. ಮುಚ್ಚಿದ ಬಾಗಿಲ ಹೊರಗೆ ಧೈರ್ಯ ಮಾಡಿ ಬಂದು, ಮನೆಗೆ ಹೋಗುತ್ತೇನೆಂದು ಕೇಳಿದವನು ನೀನೊಬ್ಬನೇ. ನಿನಗೆ ಹೂಂ ಅನ್ನಲು ಒಬ್ಬ ಮುದುಕ ವರ್ಷಗಟ್ಟಲೆ ಒಳಗೆ ಕಾದು ಕೂತಿದ್ದ. ನಡುವೆ ನಾನು ಕೂತಿದ್ದೆ, ಕೈಯಲ್ಲಿ ಸಿಂಧೂರ.

ಈಗ ತಾಲೀಮಿನ ಹುಡುಗರು, 'ವಾಸಣ್ಣಾ, ವಸ್ತಾದರ ದನಿ ತಗೀ' ಎಂದು ಗಂಟುಬೀಳುತ್ತಾರೆ. ಹುಡುಗರಿಗೆ ಸತ್ತವರ ದನಿ ಎಂದರೆ ಇನ್ನೂ ಮಜಾ. ಬರುವುದಿಲ್ಲ ಎನ್ನುತ್ತೇನೆ. ಬರುತ್ತದೆ. ಒಮ್ಮೊಮ್ಮೆ ಒಬ್ಬನೇ ನಡೆಯುವಾಗ ತಾನಾಗಿಯೇ ಬರುತ್ತದೆ — ಮೊದಲು ಆ ಕೆಮ್ಮು.

ನೀನು ಅವರನ್ನು ದ್ವೇಷಿಸುವುದನ್ನು ಬಿಡಬೇಕು, ಅದಕ್ಕೇ ಇಷ್ಟು ಬರೆದೆ. ನನ್ನನ್ನು ಕ್ಷಮಿಸು ಎಂದು ಬರೆಯಲಿಲ್ಲ, ನೋಡು. ಅದನ್ನು ಬೇಡಿಕೊಳ್ಳಲೂ ಒಂದು ಯೋಗ್ಯತೆ ಬೇಕು. ಅಮಾಸಿ ಕಳೆದ ಮೇಲೆ ಮುಂಜಾನೆಯ ಗಾಡಿಗೆ ಮುಗದಕ್ಕೆ ಬರುತ್ತೇನೆ. ಈ ಸಲ ಸ್ಟೇಷನ್ನಿನಿಂದ ಹೊಳ್ಳಿ ಹೋಗುವುದಿಲ್ಲ. ಇಲ್ಲಿ ಬರೆದಷ್ಟನ್ನೂ ನಿನ್ನ ಮನೆಯ ಬಾಗಿಲ ಹೊರಗೆ ಕೈಕಟ್ಟಿ ನಿಂತು ಹೇಳುತ್ತೇನೆ, ಗಂಗವ್ವನೂ ಕೇಳಲಿ. ಬಾಗಿಲು ತೆಗೆಯಬೇಡ. ನನ್ನ ಮಾರಿ ನೋಡಿದರೆ ನಿನಗೆ ಹಳೆಯ ರೂಢಿಯಿಂದ ನಗು ಬಂದೀತು. ಹೇಳಿ ಮುಗಿದ ಮೇಲೆ, ಒಳಗೆ ಬರಲೇ ಎಂದು ಒಮ್ಮೆ ಕೇಳುತ್ತೇನೆ.

ಬ್ಯಾಡ ಅಂದರೆ, ಎರಡನೆಯ ಸಲ ಕೇಳುವುದಿಲ್ಲ.