ನಾರುಹುಳಕ್ಕೆ ಕಾದ ವರ್ಷ

ನಾನು ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ, ಕೊನೆಯ ಎರಡು ವರ್ಷದವರು ಪಾಠದ ಹೊರತಾಗಿ ತಮ್ಮದೇ ಒಂದು ಸಣ್ಣ ಶೋಧನೆ ಮಾಡಿ ಬರೆದುಕೊಡಬೇಕಿತ್ತು. ಇತಿಹಾಸದ ಹುಡುಗಿಯರು ಗೋರಿಗಳ ಮೇಲಿನ ಬರಹ ಇಳಿಸಿಕೊಂಡು ಬರುತ್ತಿದ್ದರು. ರಸಾಯನಶಾಸ್ತ್ರದ ಗೆಳತಿಯೊಬ್ಬಳು ನನ್ನಿಂದ ಶಹಾಬಾದಿನ ಕಲ್ಲಿನ ಚೂರು ತರಿಸಿಕೊಂಡು ಆಮ್ಲದಲ್ಲಿ ಕರಗಿಸುತ್ತ ಕೂತಿದ್ದಳು. ನಾನು ಪ್ರಾಣಿಶಾಸ್ತ್ರದವಳು. ನಮ್ಮ ಅಧ್ಯಾಪಕಿಯನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಪಾಠವೂ ಮಾತೂ ಎಲ್ಲ ಉರ್ದು. "ನಿಮ್ಮ ಸೇಡಂ ಕಡೆ ಯಾವ ರೋಗ ಹೆಚ್ಚು?" ಎಂದು ಅವರು ಕೇಳಿದರು. ನಾನು ಯೋಚಿಸದೆ "ನಾರು" ಎಂದುಬಿಟ್ಟೆ.

ಬೇಸಿಗೆ ಬಂದರೆ ನಮ್ಮ ಕಡೆ ಹತ್ತು ಮನೆಗೆ ಒಬ್ಬರಾದರೂ ಕಾಲು ಚಾಚಿ ಕೂತಿರುತ್ತಿದ್ದರು. ಕಾಲಿನ ಮೇಲೆ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ಶ್ಯಾವಿಗೆ ಎಳೆಯಂಥ ಬಿಳಿ ಹುಳ ತಲೆ ಹಾಕುತ್ತಿತ್ತು. ಅದು ಹುಳವೆಂದು ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಮೈಯೊಳಗಿನ ನರವೇ ಉಷ್ಣಕ್ಕೆ ಹೊರಬರುತ್ತದೆ ಎನ್ನುತ್ತಿದ್ದರು. ಆಪಾ ನನಗೆ ಹನ್ನೆರಡು ಬಾಟಲಿ, ಕೊಳೆಯದಂತೆ ಇಡುವ ಔಷಧಿ, ತೆಳು ಬಟ್ಟೆಯ ಬಲೆ, ಒಂದು ಭೂತಗನ್ನಡಿ ಕೊಟ್ಟು, "ಕುಡಿಯುವ ಬಾವಿಗಳ ನೀರಿನಲ್ಲಿ ಏನೇನು ಬದುಕಿದೆ ನೋಡಿ ತಾ" ಎಂದರು.

ರಜೆಗೆ ರೈಲಿನಲ್ಲಿ ಸೇಡಂಗೆ ಬಂದೆ. ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಗಾಡಿ ಕಟ್ಟಿಸಿ ನನ್ನನ್ನು ಕೊಡ್ಲಿ ಎಂಬ ಹಳ್ಳಿಗೆ ಕಳಿಸಿದರು. ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಎರಡು ಮಕ್ಕಳ ತಾಯಿ ಆಕೆ. ಮನೆಯಲ್ಲಿ ಅವಳ ಅತ್ತೆಯದೇ ಕಾರಭಾರ. ಅಕ್ಕನ ಮಾವನಿಗೆ ಹಿಂದೊಮ್ಮೆ ನಾರು ಎಳೆಯುವಾಗ ಅರ್ಧಕ್ಕೇ ಹರಿದು ಕಾಲು ಬಾತು ಕೀವಾಗಿತ್ತು. ಮಂಡಿ ಮತ್ತೆ ಮಡಿಚಿರಲಿಲ್ಲ. ಆ ವರ್ಷ ಇನ್ನೊಂದು ಕಾಲಿಗೂ ಬಂದಿತ್ತು. ಉರಿ ತಾಳದೆ ಅವರು ಕೋಲೂರಿಕೊಂಡು ಮೆಟ್ಟಿಲುಬಾವಿಗೆ ಇಳಿದು ಕಾಲನ್ನು ನೀರಿನಲ್ಲಿ ಬಿಟ್ಟು ಕೂತಿರುತ್ತಿದ್ದರು. ಅದೇ ನೀರಿಗೆ ಊರಿನ ಕೊಡಗಳೂ ಮುಳುಗುತ್ತಿದ್ದವು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಬಲೆ ಝಾಡಿಸಿ ಬಾಟಲಿಗೆ ಔಷಧಿ ಹನಿಸುತ್ತಿದ್ದೆ. ಅದರ ವಾಸನೆ ಮೂಗಿಗೆ ಹೊಡೆಯುವಂಥದ್ದು. ಮೇಲೆ ಕೊಡ ಹೊತ್ತ ಹೆಂಗಸರು ಇಳಿಯದೆ ನಿಂತುಬಿಟ್ಟರು.

"ಏನ್ ಹಾಕ್ಲಿಕತ್ತಿ ಬಾವ್ಯಾಗ?" ಎಂದು ಒಬ್ಬಳು ಕೇಳಿದಳು.

"ಬಾವಿಗೆ ಅಲ್ರಿ, ಬಾಟ್ಲಿಗೆ."

"ಹೋದ ವರ್ಷ ವಾಂತಿಭೇದಿ ಬಂದು ನನ್ನ ಮಗ ಸತ್ತಾನ. ಪಟ್ಟಣದಾಗ ಓದಿದಾಕಿ ಅಂತ ಸುಮ್ನ ಬಿಡಂಗಿಲ್ಲ ನಾ."

ಮೆಟ್ಟಿಲು ಇಕ್ಕಟ್ಟು. ಮೇಲೆ ಏಳೆಂಟು ಮಂದಿ, ಹಿಂದೆ ನೀರು. ನಾನು ಏಳಹೋದಾಗ ಬಾಟಲಿಯ ಮುಚ್ಚಳ ಮೆಟ್ಟಿಲುರುಳಿ ನೀರಿಗೆ ಬಿತ್ತು. ಅದನ್ನು ನೋಡಿ ಅವರು ಎರಡು ಮೆಟ್ಟಿಲು ಇಳಿದರು. ಅಷ್ಟರಲ್ಲಿ ಅಕ್ಕನ ಅತ್ತೆ ಬಂದರು. ಗುಂಪನ್ನು ಸರಿಸಿ ಕೆಳಗಿಳಿದು, ನನ್ನ ಕೈಯಿಂದ ಬಲೆ ಕಸಿದು ಎತ್ತಿ ತೋರಿಸಿ, "ಅರಿವಿ ಇದು. ಪೂಜಾದ ನೀರು ಸೋಸ್ತೀವಲ್ಲ, ಹಂಗ ಸೋಸ್ಲಿಕತ್ತಾಳ. ಬಾಜೂ ಸರೀರಿ" ಎಂದರು. ಆಮೇಲೆ ಅದೇ ನೀರನ್ನು ಬೊಗಸೆಯಲ್ಲಿ ತೆಗೆದು ಎಲ್ಲರೆದುರು ಕುಡಿದರು. ನನಗೂ ಕುಡಿ ಎಂದು ಕಣ್ಣುಸನ್ನೆ ಮಾಡಿದರು. ಹೆದರಿದ್ದ ನಾನು ಹೊಟ್ಟೆ ತುಂಬ ಕುಡಿದೆ.

ಇಪ್ಪತ್ತು ದಿನ ಅಲ್ಲಿದ್ದು, ಸುತ್ತಲಿನ ಬಾವಿಗಳ ನೀರನ್ನೂ ತುಂಬಿಕೊಂಡು ಹೈದರಾಬಾದಿಗೆ ಮರಳಿದ ಮೇಲೆ ಒಂದೊಂದೇ ಬಾಟಲಿಯ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಳ್ಳಿಗಿಂತ ಸಣ್ಣ ನೀರುಹುಳಗಳು ಎಲ್ಲ ಬಾವಿಯಲ್ಲೂ ಇದ್ದವು. ಕೊಡ್ಲಿಯ ಬಾಟಲಿಯಲ್ಲಿ ಮಾತ್ರ, ಅಂಥದೊಂದು ಹುಳದ ಹೊಟ್ಟೆಯೊಳಗೆ ಕೂದಲಿನ ಸುರುಳಿಯಂಥದು ಕಂಡಿತು. ಆಪಾ ಬಗ್ಗಿ ನೋಡಿ ನನ್ನ ಬೆನ್ನು ತಟ್ಟಿದರು. "ಇದೇ ನಾರುಹುಳದ ಮರಿ. ನೀರಿನ ಜೊತೆ ಹೊಟ್ಟೆಗೆ ಹೋಗಿ ಬೆಳೆಯುವುದು. ಈ ನೀರು ಯಾರು ಕುಡಿಯುತ್ತಾರೆ?"

"ನಾನೂ ಕುಡಿದಿದ್ದೇನೆ, ಆಪಾ. ಇಪ್ಪತ್ತು ದಿನ."

ಅವರ ಕೈ ನನ್ನ ಬೆನ್ನ ಮೇಲೆಯೇ ನಿಂತಿತು. ಇದಕ್ಕೆ ಔಷಧಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಎಷ್ಟು ದಿನಕ್ಕೆ ಗೊತ್ತಾಗುತ್ತದೆ ಎಂದದ್ದಕ್ಕೆ, "ಸುಮಾರು ಒಂದು ವರ್ಷ. ಅಲ್ಲಿಯವರೆಗೆ ಏನೂ ತಿಳಿಯುವುದಿಲ್ಲ" ಎಂದರು.

ಆ ವರ್ಷವನ್ನು ನಾನು ಹೇಗೆ ಕಳೆದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಸ್ನಾನಕ್ಕೆ ಹೋದರೆ ಮೊದಲು ಮೀನಖಂಡ ಸವರಿ ನೋಡುತ್ತಿದ್ದೆ. ಚರ್ಮದಡಿ ಏನೋ ಸರಿದಂತಾಗಿ ಪಾಠದ ನಡುವೆ ಎದ್ದು ನಿಂತದ್ದುಂಟು. ಮಾವನ ಮಡಿಚದ ಮಂಡಿ ಕಣ್ಣೆದುರು ಬರುತ್ತಿತ್ತು. ನನಗಿಂತ ಹೆಚ್ಚಾಗಿ ಅಕ್ಕನ ಮಕ್ಕಳದ್ದು ಚಿಂತೆ. ನೀರು ಸೋಸಿ ಕುಡಿಯಿರಿ ಎಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ದಸರಾ ರಜೆ ಸಿಕ್ಕ ಕೂಡಲೇ ಭೂತಗನ್ನಡಿ ಕಟ್ಟಿಕೊಂಡು ಕೊಡ್ಲಿಗೆ ಹೋದೆ. ಅಕ್ಕ ಆಗ ಮತ್ತೆ ಬಸುರಿ. ನೋಡಿದರೆ ನೀರು ಸೋಸದೆಯೇ ಕುಡಿಯುತ್ತಿದ್ದರು.

"ನಾವು ಹುಟ್ಟಿದಾಗಿಂದ ಇದೇ ನೀರು ಕುಡ್ಯಾಕತ್ತೀವಿ" ಎಂದರು ಅತ್ತೆ.

ನಾನು ಬಾವಿಯಿಂದ ನೀರು ತಂದು ಸೋಸತೊಡಗಿದೆ. ಮಳೆಯಾಗಿ ಬಾವಿ ತುಂಬಿದ್ದರಿಂದ ನೀರುಹುಳಗಳು ಕಡಿಮೆಯಿದ್ದವು. ಹತ್ತು ಕೊಡ ಸೋಸಿದ ಮೇಲೆ ನಾಲ್ಕು ಸಿಕ್ಕವು. ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ ಬಿಸಿಲಿಗಿಟ್ಟು ಅವರನ್ನು ಕರೆದೆ. ಅವರು ಒಂದು ಕಣ್ಣು ಮುಚ್ಚಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಹುಳವೊಂದು ಕುಪ್ಪಳಿಸಿತು. ಅವರು ಭೂತಗನ್ನಡಿ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

"ಜೀವ ಅದ ಇದಕ್ಕ."

"ಹೌದ್ರಿ ಅತ್ತಿ."

"ಲಿಂಗಕ್ಕ ಎರಿಯೋ ನೀರು ದಿನಾ ಸೋಸೀನಿ. ಮಕ್ಕಳಿಗಿ ಹಂಗೇ ಕುಡಿಸೀನಿ ನೋಡು."

ಅವರು ಪೂಜೆಯ ಬಟ್ಟೆಯನ್ನೇ ತಂದು, ನಾಲ್ಕು ಪದರು ಮಡಿಚಿ ಕುಡಿಯುವ ನೀರಿನ ಹಂಡೆಯ ಬಾಯಿಗೆ ಕಟ್ಟಿದರು. ಹೊಲಕ್ಕೆ ಹೋಗುವ ಬಿಂದಿಗೆಗೂ ಒಂದು ಕಟ್ಟಿದರು. ಮಾವ ಬಾವಿಗಿಳಿಯುವುದನ್ನು ನಿಲ್ಲಿಸಿದ್ದೂ ಅವರೇ. ಆದರೆ ಆಗಲೇ ಕುಡಿದದ್ದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ನನ್ನ ಬರಹವನ್ನು ಒಪ್ಪಿಸಿದೆ. ಪರೀಕ್ಷೆಯ ಕೋಣೆಯಲ್ಲಿ ಒಂದು ಮಧ್ಯಾಹ್ನ ಪಾದದ ಗಂಟು ಉರಿಯತೊಡಗಿ ಅರ್ಧ ಗಂಟೆ ಪೆನ್ನು ಓಡಲಿಲ್ಲ. ಹೊರಗೆ ಬಂದು ನೋಡಿದರೆ ಚಪ್ಪಲಿಯ ಪಟ್ಟಿ ಉಜ್ಜಿದ ಗಾಯ. ಆಪಾ ಬೀಳ್ಕೊಡುವಾಗ ನನ್ನ ಅಂಕಗಳ ಮಾತೆತ್ತದೆ, "ಕಾಲು ಹೇಗಿದೆ?" ಎಂದು ಕೇಳಿದರು. ಇನ್ನೂ ಎರಡು ತಿಂಗಳಿದೆ ಎಂದೆ.

ನಾನು ಸೇಡಂನ ಮನೆಗೆ ಮರಳಿದ್ದೆ; ಆ ಎರಡು ತಿಂಗಳು ಮುಗಿಯುವ ಮೊದಲೇ ಕೊಡ್ಲಿಯಿಂದ ಆಳು ಬಂದ. ಅಕ್ಕನ ಪಾದದ ಮೇಲೆ ಬೊಬ್ಬೆ ಎದ್ದಿದೆಯಂತೆ. ಮೂರು ತಿಂಗಳ ಕೂಸು ಬೇರೆ. ಸುದ್ದಿ ಕೇಳಿದ ಕ್ಷಣ ನನಗೆ ಮೊದಲು ಬಂದ ಯೋಚನೆ, ನನಗಲ್ಲ, ಅವಳಿಗೆ ಎಂಬುದು. ಒಳಗೆಲ್ಲೋ ಉಸಿರು ಹಗುರಾಯಿತು. ಹಾಗಾದದ್ದು ಅಪ್ಪನಿಗೆ ಕಂಡೀತೆಂದು ನಾನು ಮುಖ ತಿರುಗಿಸಿ ಗಾಡಿಗೆ ಹುಲ್ಲು ಹಾಸತೊಡಗಿದೆ. ಇದನ್ನು ಯಾರ ಮುಂದೆಯೂ ಹೇಳಿಲ್ಲ.

ಹುಳದ ತುದಿ ಹೊರಬಂದಾಗ ಹತ್ತಿಕಟ್ಟಿಗೆಯ ಸಣ್ಣ ಚೂರಿಗೆ ಅದನ್ನು ಸುತ್ತಿ, ದಿನಕ್ಕೆ ಅರ್ಧ ಸುತ್ತು ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹರಿದರೆ ಮಾವನ ಗತಿಯೇ. ಅಕ್ಕ ಕೂಸಿಗೆ ಹಾಲೂಡಿಸುತ್ತ ಬೇರೆ ಕಡೆ ನೋಡುತ್ತಿದ್ದಳು.

"ಜಗ್ಗಬ್ಯಾಡ, ಅದಾಗೇ ಬರ್ಲಿ" ಎನ್ನುತ್ತಿದ್ದಳು.

"ಜಗ್ಗವಲ್ಲೆ. ನೀ ಕಾಲು ಅಳಗಾಡಿಸಬ್ಯಾಡ."

"ನಿನ್ನ ಕೈಯೇ ನಡಗ್ಲಿಕತ್ತದ."

ನಿಜ. ಓದಿದ್ದೆಲ್ಲ ಬಾಯಿಪಾಠವಾಗಿತ್ತು, ಹುಳದ ಉದ್ದ, ಅದು ಬೆಳೆಯುವ ಬಗೆ, ಎಲ್ಲ ನಾನೇ ಉರ್ದುವಿನಲ್ಲಿ ಅಚ್ಚುಕಟ್ಟಾಗಿ ಬರೆದದ್ದು. ಆದರೂ ಆ ಎಳೆ ಬಿಗಿಯಾದಾಗಲೆಲ್ಲ ನಾನು ಕಟ್ಟಿಗೆ ತಿರುಗಿಸುವುದನ್ನು ನಿಲ್ಲಿಸಿಬಿಡುತ್ತಿದ್ದೆ. ಹನ್ನೊಂದನೆಯ ದಿನ ಅದು ಒಂದಿಷ್ಟೂ ಸರಿಯಲಿಲ್ಲ. ಅತ್ತೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಾಕಿ ಹಾಕಿ ಇಡೀ ದಿನ ಪಕ್ಕದಲ್ಲೇ ಕೂತರು. ಹತ್ತೊಂಬತ್ತನೆಯ ದಿನ ಕೊನೆಯ ತುದಿ ತಾನಾಗಿ ಜಾರಿ ಬಂತು. ನಾನು ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ. "ಒಲ್ಯಾಗ ಹಾಕು ಅದನ್ನ" ಎಂದಳು.

ಅವಳ ಮಕ್ಕಳಿಗೆ ಏನೂ ಆಗಲಿಲ್ಲ. ನನಗೂ ಬರಲಿಲ್ಲ. ಅದೇ ಬೊಗಸೆ ನೀರು ಕುಡಿದ ಅತ್ತೆಗೂ ಬರಲಿಲ್ಲ. ಯಾಕೆಂದು ಆಪಾರನ್ನು ಕಾಗದದಲ್ಲಿ ಕೇಳಿದರೆ, ತಮಗೂ ಗೊತ್ತಿಲ್ಲ ಎಂದು ಬರೆದರು. ಮರುಬೇಸಿಗೆ ಆ ಮನೆಯಲ್ಲಿ ಯಾರೂ ಕಾಲು ಚಾಚಿ ಕೂರಲಿಲ್ಲ. ಓಣಿಯಲ್ಲಿ ಮೂರ್ನಾಲ್ಕು ಮನೆಯವರು ಹಂಡೆಗೆ ಬಟ್ಟೆ ಕಟ್ಟಿದರು. ಮಗನನ್ನು ಕಳೆದುಕೊಂಡ ಆ ಹೆಂಗಸು ಮಾತ್ರ ಕಟ್ಟಲಿಲ್ಲ, ನಾನು ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಕ್ಕ ಹಿಮ್ಮಡಿ ಊರಿ ನಡೆದದ್ದು ನಾಗರಪಂಚಮಿಯ ಹೊತ್ತಿಗೆ. ಓಣಿಯವರೆಲ್ಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಅವಳು ಹತ್ತಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ಆ ಗಿಡದ ತನಕ ನಡೆದುಹೋಗಿ, ಮಕ್ಕಳನ್ನು ಕೂರಿಸಿ ತೂಗಿದಳು.